ದೋಣಿ ತುಂಬ್ಯಾದ ಅನ್ನೋರು ಯಾರು?

ವಡಾಪ್ ಜೀಪಿನ ನ್ಯಾಯ ನಮ್ಮ ಕಡೆ ಎಲ್ಲರಿಗೂ ಗೊತ್ತದ. ಕೆಳಗ ನಿಂತಾವ "ಜರಾ ಸರೀರಿ, ಇನ್ನೊಬ್ಬರಿಗೆ ಜಾಗಾ ಆಗ್ತದ" ಅಂತಾನ. ಒಳಗ ಹೊಕ್ಕು ಕುಂತ ಮ್ಯಾಲ, ಮುಂದಿನ ಊರಾಗ ಅವನೇ "ಎಲ್ಲಿ ಹತ್ತತೀರಿ, ಉಸಿರಾಡಲಿಕ್ಕೆ ಜಾಗಾ ಇಲ್ಲ" ಅಂತಾನ. ಎರಡೂ ಮಾತು ಸುಳ್ಳಂತ ಹೇಳಲಿಕ್ಕೆ ಬರೋದಿಲ್ಲ. ಮನುಷ್ಯ ಅವನೇ, ಅವ ಕುಂತ ಜಾಗಾ ಬದಲಾತು. ಹಂಗಾದ್ರ ಗಾಡಿ ಖರೇನೇ ತುಂಬೇದೋ ಇಲ್ಲೋ ಅಂತ ಹೇಳೋ ಹಕ್ಕು ಯಾರದು? ನಗಚಾಟಿಕೆಯ ಪ್ರಶ್ನೆ ಅನ್ನಿಸಬಹುದು. ನನಗ ಇದು ನಗಿ ಮಾತಾಗಿ ಉಳಿಯದಂಗ ಮಾಡಿದ್ದು ದೂರದ ಸ್ವಿಟ್ಜರ್ಲೆಂಡ್ ದೇಶದಾಗ ಕಳೆದ ಒಂದು ದಿವಸ.

ಮಗಳು ಅಳಿಯ ಅಲ್ಲಿ ನೌಕರಿ ಮಾಡ್ತಾರ, ಬ್ಯಾಸಗಿಗೆ ಕರೆಸಿಕೊಂಡಿದ್ದರು. ಒಂದು ರವಿವಾರ ನ್ಯೋನ್ ಅನ್ನೋ ಊರಾಗ ದೋಣಿ ಹತ್ತಿ, ಎದುರು ದಂಡಿಯ ಇವ್ವಾರ್ ಅನ್ನೋ ಹಳ್ಳಿಗೆ ಹೋಗಿ ಸಂಜೀಕ ತಿರುಗಿ ಬಂದೆವು. ನ್ಯೋನ್ ಸ್ವಿಟ್ಜರ್ಲೆಂಡಿನದು, ಇವ್ವಾರ್ ಫ್ರಾನ್ಸ್ ದೇಶದ್ದು. ನಡುವ ಇಪ್ಪತ್ತು ಮಿನಿಟಿನ ನೀರಿನ ಹಾದಿ. ನಾವು ಜಿನೀವಾ ಸರೋವರ ಅಂತ ಓದೋದನ್ನ ಅಲ್ಲಿಯವರು ಲೆಮಾನ್ ಅಂತಾರ. ಸುಮಾರು 580 ಚದರ ಕಿಲೋಮೀಟರ್ ಹರವು. ಆಳ ಇದ್ದಲ್ಲಿ 310 ಮೀಟರ್. ಎರಡು ದೇಶದ ಗಡಿ ಈ ನೀರಿನ ನಡುವ ಹಾಯ್ತದ. ಕಟಕಟೆ ಹಿಡಿದು ನಿಂತು ನೋಡಿದೆ. ಕಲ್ಲಿಲ್ಲ, ಕಂಬಿಲ್ಲ. ಅಳಿಯ "ಮಾಮಾ, ಈಗ ದಾಟಿದಿವಿ ನೋಡ್ರಿ" ಅಂದಾಗ ನೀರು ಮೊದಲಿದ್ದಂಗೇ ಇತ್ತು. ಪಾಸ್‌ಪೋರ್ಟ್ ಕಿಸೆದಾಗ ಇಟ್ಟುಕೊಂಡಿದ್ದೆ, ಯಾರೂ ಕೇಳಲಿಲ್ಲ.

ಇವ್ವಾರ್ ಸಣ್ಣ ಊರು, ಸಾವಿರ ಮಂದಿಯ ಆಸುಪಾಸು. ಕಲ್ಲಿನ ಮನಿ, ಕಿಡಕಿಗೊಂದು ಕುಂಡಿ, ಕುಂಡಿ ತುಂಬ ಕೆಂಪು ಹೂ. ನೀರಿನ ಅಂಚಿಗೆ ಹಳೆ ವಾಡೆ. ಗುಡಿಯ ಗೋಪುರ ಉಳ್ಳಾಗಡ್ಡಿ ಆಕಾರದ್ದು. ಅದನ್ನ ನೋಡಿ ಸೊಲ್ಲಾಪುರದ ಮಾರ್ಕೆಟ್ ನೆನಪಾಗಿ ನಾನೊಬ್ಬನೇ ನಕ್ಕೆ. 1306ರ ಹೊತ್ತಿಗೆ ಸವಾಯ್ ಮನೆತನದ ದೊರೆ ಇಲ್ಲಿ ಕೋಟೆ ಕಟ್ಟಿಸಿದ. ಅದರ ಎರಡು ಅಗಸಿ ಇನ್ನೂ ಅವ. ಆ ಅಗಸಿಯಾಗಿಂದ ಈಗ ಐಸ್‌ಕ್ರೀಮ್ ತಿನ್ನೋ ಮಂದಿ ಹಾಯ್ತಾರ. ನಾವೂ ದಂಡಿ ಮ್ಯಾಲ ಕುಂತು ಮಗಳು ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಿದೆವು. ಯಾರಿಗೂ ಅವಸರ ಇರಲಿಲ್ಲ.

ಒಂದು ಕಾಲಕ್ಕೆ ನ್ಯೋನ್ ದಂಡಿಯೂ ಇದೇ ಸವಾಯ್ ಮನೆತನದ ಕೈಯಾಗಿತ್ತು. 1536ರಾಗ ಆ ಕಡೆಯದನ್ನ ಬರ್ನ್‌ದವರು ಗೆದ್ದರು. ಈ ಕಡೆಯದು ಫ್ರಾನ್ಸಿಗೆ ಸೇರಿದ್ದು 1860ರಾಗ. ಇದು ನಮಗ ಹೊಸದಲ್ಲ. ನಮ್ಮಪ್ಪ ಹುಟ್ಟಿದ್ದು ಅಕ್ಕಲಕೋಟ ಸಂಸ್ಥಾನದಾಗ. 1948ರಾಗ ಅದು ಮುಂಬೈ ಪ್ರಾಂತಕ್ಕ ಹೋತು, 1960ರಾಗ ಮಹಾರಾಷ್ಟ್ರ ಆತು. ಅಪ್ಪ ಹೊಲದಾಗಿಂದ ಎದ್ದು ಎಲ್ಲಿಗೂ ಹೋಗಿರಲಿಲ್ಲ, ಮನಿಯಾಗ ಕನ್ನಡ ಬಿಟ್ಟಿರಲಿಲ್ಲ. ಗಡಿ ಅನ್ನೋದು ಮನುಷ್ಯರು ಎಳೆದದ್ದು, ಎಳೆದವರು ಅಳಿಸಲಿಕ್ಕೂ ಬಲ್ಲರು. ಅಷ್ಟಕ್ಕೇ ಗಡಿಯೇ ಬ್ಯಾಡ ಅನ್ನೋ ಮಾತು ನಾನು ಆಡೋದಿಲ್ಲ. ಬದುವು ಇಲ್ಲದ ಹೊಲದಾಗ ಮಣ್ಣು ನಿಲ್ಲೋದಿಲ್ಲ.

ಆದ್ರ ನನ್ನನ್ನ ಯಾಕ ಕೇಳಲಿಲ್ಲ? ಯಾಕಂದ್ರ ಮೊದಲೇ ಎಲ್ಲಾ ಕೇಳಿ ಮುಗಿಸಿದ್ದರು. ವೀಸಾಕ್ಕ ಬ್ಯಾಂಕಿನ ಕಾಗದ ಕೊಟ್ಟಿದ್ದೆ, ತಿರುಗಿ ಹೋಗೋ ವಿಮಾನದ ಟಿಕೀಟು ತೋರಿಸಿದ್ದೆ, 30,000 ಯೂರೋದ ವಿಮೆ ಮಾಡಿಸಿದ್ದೆ. ಈ ಮನುಷ್ಯ ಇಲ್ಲಿ ಉಳಿಯೋದಿಲ್ಲ, ಇವನಿಂದ ಖರ್ಚಿಲ್ಲ ಅಂತ ಖಾತ್ರಿ ಆದ ಮ್ಯಾಲ ಗಡಿ ನನಗ ನೀರಾತು. ಬ್ಯಾರೆಯವರಿಗೆ ಇದೇ ಸೀಮೆ ಕಲ್ಲಾಗಿತ್ತು ಅನ್ನೋದನ್ನ ಅಳಿಯ ಅಲ್ಲೇ ಕುಂತು ಹೇಳಿದರು.

1942. ಫ್ರಾನ್ಸ್ ದೇಶ ಹಿಟ್ಲರನ ಕೈಗೆ ಸಿಕ್ಕಿತ್ತು. ಯಹೂದಿ ಮಂದಿಯನ್ನ ಹಿಡಿದು ರೈಲಿಗೆ ತುಂಬಿ ಸಾಯಲಿಕ್ಕೆ ಕಳಿಸ್ತಿದ್ದರು. ಜೀವ ಉಳಿಸಿಕೊಳ್ಳಲಿಕ್ಕೆ ಓಡಿದವರಿಗೆ ಹತ್ತಿರದ ಶಾಂತ ದೇಶ ಸ್ವಿಟ್ಜರ್ಲೆಂಡ್. ಕೆಲವರು ಬೆಟ್ಟ ಹತ್ತಿ, ಕೆಲವರು ತಂತಿಬೇಲಿ ನುಸುಳಿ, ಕೆಲವರು ಇದೇ ಸರೋವರ ದಾಟಿ ಬಂದರು. ಆ ವರ್ಷ ಆಗಸ್ಟ್ ತಿಂಗಳಾಗ ಸ್ವಿಸ್ ಸರ್ಕಾರ ಗಡಿ ಬಿಗಿ ಮಾಡಿತು. ಬರೇ ಜನಾಂಗದ ಕಾರಣಕ್ಕೆ ಓಡಿ ಬಂದವರು ಆಶ್ರಯಕ್ಕ ಹಕ್ಕುದಾರರಲ್ಲ ಅಂತ ಹೇಳಿತು. ಮಂತ್ರಿ ಎಡುವರ್ಡ್ ಫಾನ್ ಸ್ಟೈಗರ್ ಅದೇ ತಿಂಗಳ ಕಡೆಗೆ ಭಾಷಣ ಮಾಡಿ, ತಮ್ಮ ದೇಶವನ್ನ ಮಂದಿ ತುಂಬಿದ ಒಂದು ಸಣ್ಣ ಜೀವರಕ್ಷಕ ದೋಣಿಗೆ ಹೋಲಿಸಿದರು. ಅಲ್ಲಿಂದ "ದೋಣಿ ತುಂಬ್ಯಾದ" ಅನ್ನೋ ಮಾತು ಆ ದೇಶದಾಗ ಹೆಸರಾತು. ಬಂದವರನ್ನ ಸಾವಿರಗಟ್ಟಲೆ ತಿರುಗಿ ಕಳಿಸಿದರು.

ಜೀಪಿನ ಮಾತು ಇಲ್ಲಿ ಬರ್ತದ. ಮಂತ್ರಿಯ ಮಾತಿನಾಗ ಖರೆ ಏನೂ ಇಲ್ಲ ಅನ್ನಲಾರೆ. ಸುತ್ತ ನಾಲ್ಕೂ ಕಡೆ ಯುದ್ಧ, ಕಾಳು ರೇಶನ್ನಿನ ಮ್ಯಾಲ, ಹಿಟ್ಲರನ ಅಂಜಿಕೆ. ಸಾವಿರಾರು ಮಂದಿಯನ್ನ ಅವರು ಒಳಗ ಇಟ್ಟುಕೊಂಡದ್ದೂ ಖರೆ. ಹೆಚ್ಚು ತುಂಬಿದ ದೋಣಿ ಮುಳುಗ್ತದ, ಭೀಮಾ ನದಿ ದಂಡಿಯ ಮಂದಿಗೆ ಇದನ್ನ ಹೊಸದಾಗಿ ಹೇಳಬೇಕಾಗಿಲ್ಲ. ಆದ್ರ ಅಂಬಿಗ ಹಂಗಂತ ಹೇಳುವಾಗ ನೀರಿನ ಮಟ್ಟ ದೋಣಿಯ ಅಂಚಿಗೆ ಎಷ್ಟು ಬಂದದ ಅಂತ ಬಗ್ಗಿ ನೋಡಿ ಹೇಳ್ತಾನ. ಒಳಗ ಬೆಚ್ಚಗ ಕುಂತಾವ ತನ್ನ ಮೊಣಕಾಲಿನ ಜಾಗಾ ನೋಡಿ ಹೇಳ್ತಾನ. ಇನ್ನೂ ಒಂದು ಭೇದ ಅದ. ಜೀಪು ತಪ್ಪಿದವನಿಗೆ ಮುಂದಿನ ಜೀಪು ಅದ. ನೀರಾಗ ಬಿದ್ದವನಿಗೆ ಮುಂದಿನ ದೋಣಿ ಇಲ್ಲ. ಸೀಟು ಕೇಳೋರು, ಜೀವ ಕೇಳೋರು ಇಬ್ಬರಿಗೂ ಒಂದೇ ಉತ್ತರ ಕೊಟ್ಟರ ಅದು ನ್ಯಾಯ ಹೆಂಗಾದೀತು?

ಅದೇ ದೇಶದಾಗ ಬಗ್ಗಿ ನೋಡಿದವನೂ ಒಬ್ಬ ಇದ್ದ. ಪೌಲ್ ಗ್ರ್ಯೂನಿಂಗರ್. ಮೊದಲು ಶಾಲಿ ಮಾಸ್ತರ, ಆಮ್ಯಾಲ ಸೇಂಟ್ ಗಾಲೆನ್ ಸೀಮೆಯ ಪೊಲೀಸ್ ಮುಖ್ಯಸ್ಥ. ಅದು ದೇಶದ ಇನ್ನೊಂದು ತುದಿ, ಆಸ್ಟ್ರಿಯಾ ಗಡಿ. 1938ರಾಗ ಹಿಟ್ಲರ್ ಆಸ್ಟ್ರಿಯಾ ನುಂಗಿದ ಮ್ಯಾಲ ಯಹೂದಿಗಳು ಓಡಿ ಬಂದರು; ಆಗಸ್ಟಿನಾಗ ಅಲ್ಲಿಯೂ ಗಡಿ ಮುಚ್ಚಿದರು. ಈತ ಅವರ ಕಾಗದದ ಮ್ಯಾಲ ಗಡಿ ಮುಚ್ಚೋದಕ್ಕಿಂತ ಹಿಂದಿನ ತಾರೀಖು ಹಾಕಿ ಒಳಗ ಬಿಟ್ಟ. ಹಿಂಗ ನೂರಾರು ಮಂದಿ ಉಳಿದರು, ಕೆಲವರ ಲೆಕ್ಕದಾಗ ಮೂರು ಸಾವಿರಕ್ಕೂ ಮ್ಯಾಲ. 1939ರಾಗ ನೌಕರಿ ಹೋತು, ಪೆನ್ಶನ್ ಹೋತು, ಮುಂದ ಕೋರ್ಟು ದಂಡ ಹಾಕಿತು. ಬಡತನದಾಗೇ ಬಾಳಿ 1972ರಾಗ ತೀರಿಕೊಂಡ. ತಪ್ಪಿಲ್ಲ ಅಂತ ಕೋರ್ಟು ಹೇಳಿದ್ದು 1995ರಾಗ.

ಇದನ್ನ ಕೇಳಿ ನಾನು "ಅವನೇ ಶರಣ" ಅಂದೆ. ಅಳಿಯ ಸುಲಭಕ್ಕೆ ಒಪ್ಪಲಿಲ್ಲ. "ಮಾಮಾ, ಅಧಿಕಾರಿ ತನ್ನ ಮನಸ್ಸಿಗೆ ಬಂದಂಗ ಸುಳ್ಳು ತಾರೀಖು ಹಾಕಬಹುದು ಅಂದ್ರ, ನಾಳೆ ಇನ್ನೊಬ್ಬ ಅಧಿಕಾರಿ ಕೆಟ್ಟದ್ದಕ್ಕೂ ಹಾಕ್ತಾನ. ಅದಕ್ಕೇನಂತೀರಿ?" ಅಂದರು.

ಮಾತು ಕಡಿಮಿದಲ್ಲ. ತಿರುಗಿ ಬರೋ ದೋಣಿಯಾಗ ಪೂರಾ ಅದನ್ನೇ ನೆನೆಸಿದೆ. ಮಗಳು ಒಂದು ಪದಾ ಹಾಡು ಅಂದಳು, ಹಾಡಲಿಲ್ಲ. ದೋಣಿಯ ಸೀಟು ಅರ್ಧಕ್ಕರ್ಧ ಖಾಲಿ ಇದ್ದವು. ದಂಡಿಗೆ ಹತ್ತುವಾಗ ಅಳಿಯಂದಿರಿಗೆ ಹೇಳಿದೆ: ಕಾಯ್ದೆ ಮುರಿದದ್ದರಿಂದ ಲಾಭ ಯಾರಿಗಾತು, ಲುಕ್ಸಾನು ಯಾರ ಮ್ಯಾಲ ಬಿತ್ತು ಅಂತ ನೋಡ್ರಿ. ಲಂಚಕ್ಕ ತಾರೀಖು ತಿದ್ದಿದವನ ಕಿಸೆ ತುಂಬ್ತದ, ಪೆಟ್ಟು ಬ್ಯಾರೆಯವರಿಗೆ ಬೀಳ್ತದ. ಈತ ಪೆಟ್ಟು ತಾನು ತಿಂದ, ಜೀವ ಬ್ಯಾರೆಯವರದು ಉಳೀತು. ಎರಡೂ ಒಂದೇ ಸುಳ್ಳಂತ ತಕ್ಕಡಿಗೆ ಹಾಕಲಿಕ್ಕೆ ನನ್ನ ಮನಸ್ಸು ಒಪ್ಪೋದಿಲ್ಲ.

ಅದು ಪೂರಾ ಉತ್ತರ ಆಗೋದಿಲ್ಲ ಅಂದರು ಅವರು. ತನಗೂ ಲುಕ್ಸಾನು ಮಾಡಿಕೊಂಡು ಕೆಟ್ಟದ್ದು ಮಾಡೋ ಹುಚ್ಚರು ಇರ್ತಾರಲ್ಲ ಅಂದರು. ಇರ್ತಾರ, ಖರೆ. ಇದಕ್ಕಿಂತ ಛಲೋ ಅಳತಿ ನನಗ ಇನ್ನೂ ಸಿಕ್ಕಿಲ್ಲ. ವಾಚನಾಲಯದಾಗ ಕುಂತು ಯಾರರೆ ಮಾಸ್ತರರು ಬ್ಯಾರೆ ಅಳತಿ ಹೇಳೋದಿದ್ರ, ಸುಗ್ಗಿ ಮುಗಿದ ಮ್ಯಾಲ ಯಾವ ಸಂಜೀಕೂ ನಾನು ಅಲ್ಲಿ ಸಿಗ್ತೀನಿ.