ಕೊನೆಗೆ ಮುಟ್ಟಿದ ಕೈ

‘ತೊಳೆದ ಮೇಲೆ ಸ್ಟಾರ್ಟ್ ಆಗ್ತಿಲ್ಲ.’ ಆಯುಧಪೂಜೆ ಕಳೆದ ವಾರ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ರಿಪೇರಿ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ವಾಕ್ಯ ಕಿವಿಗೆ ಬೀಳುತ್ತದೆ. ಬೈಕು, ಪಂಪ್‌ಸೆಟ್ಟು, ಪವರ್ ಟಿಲ್ಲರ್, ಈಚಿನ ವರ್ಷಗಳಲ್ಲಿ ಹೆಗಲಿಗೆ ತೂಗುಹಾಕಿಕೊಂಡು ಹುಲ್ಲು ಹೊಡೆಯುವ ಬ್ರಷ್ ಕಟರ್, ಯಾವುದಾದರೂ ಆಗಬಹುದು. ಈ ವಾಕ್ಯದ ‘ಮೇಲೆ’ ಎಂಬ ಪದ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ‘ಬಸ್ಸು ಹೋದ ಮೇಲೆ ಮಳೆ ಬಂತು’ ಅನ್ನುವಾಗ ‘ಮೇಲೆ’ ಬರೀ ಕಾಲವನ್ನು ಹೇಳುತ್ತದೆ. ‘ಮಳೆ ಬಂದ ಮೇಲೆ ಕೆರೆ ತುಂಬಿತು’ ಅನ್ನುವಾಗ ಅದೇ ಪದದೊಳಗೆ ಕಾರಣವೂ ಬಂದು ಕೂತಿರುತ್ತದೆ. ‘ತೊಳೆದ ಮೇಲೆ’ ಎಂಬುದು ಯಾವ ಕ್ಷಣದಲ್ಲಿ ‘ತೊಳೆದದ್ದರಿಂದ’ ಆಗಿ, ಅಲ್ಲಿಂದ ‘ತೊಳೆದವನಿಂದ’ ಆಗುತ್ತದೆ? ಮೊದಲನೆಯದು ಅವಲೋಕನ, ಎರಡನೆಯದು ತೀರ್ಮಾನ, ಮೂರನೆಯದು ಆರೋಪ. ಮೂರಕ್ಕೂ ನಡುವೆ ಇರಬೇಕಾದ ದೂರವನ್ನು ನಾವು ಒಂದೇ ಉಸಿರಿನಲ್ಲಿ ದಾಟಿಬಿಡುತ್ತೇವೆ.

ಯಂತ್ರವನ್ನು ತೊಳೆಯುವ ನಮ್ಮ ಅಭ್ಯಾಸ ಯಂತ್ರಕ್ಕಿಂತ ಹಳೆಯದು. ರಾಜ ಒಡೆಯರ್ ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದ್ದು 1610ರಲ್ಲಿ. ಅಂದು ತೊಳೆದು ಪೂಜಿಸುವ ಆಯುಧವೆಂದರೆ ಕತ್ತಿ, ಈಟಿ. ರೈತನ ಮನೆಯಲ್ಲಿ ನೇಗಿಲು, ಕುಡುಗೋಲು. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಬಟ್ಟೆಯ ಜುಂಗು ಕತ್ತರಿಸುವ ಯಂತ್ರವನ್ನು ನೋಡಿ ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದ್ದು 1830ರಲ್ಲಿ. ಅದಕ್ಕೂ ಎಂಜಿನ್ ಇರಲಿಲ್ಲ, ತಳ್ಳಬೇಕಿತ್ತು. ಮರಕ್ಕೂ ಕಬ್ಬಿಣಕ್ಕೂ ನೀರು ಹಾಕಿ ಒರೆಸಿ ಎಣ್ಣೆ ಸವರಿದರೆ ಕೆಡುವುದು ಏನೂ ಇಲ್ಲ. ಸಂಕ್ರಾಂತಿಯ ದಿನ ಕೆರೆಯಲ್ಲಿ ಮೈತೊಳೆಸಿಕೊಂಡ ಎತ್ತು ತಾನೇ ಮೈ ಕೊಡವಿಕೊಳ್ಳುತ್ತದೆ. ಹೀಗೆ ಎತ್ತು, ನೇಗಿಲುಗಳ ಜೊತೆ ಬದುಕಿ ಕಲಿತ ಗೌರವದ ಭಾಷೆಯನ್ನೇ ನಾವು ಎಂಜಿನ್ನಿನ ಜೊತೆಗೂ ಆಡುತ್ತೇವೆ. ಎಂಜಿನ್ನಿಗೆ ಆ ಭಾಷೆ ಪೂರ್ತಿ ಅರ್ಥವಾಗುವುದಿಲ್ಲ.

ಎಂಜಿನ್ ಕೇಳುವುದು ಸರಳವಾದದ್ದು: ಗಾಳಿ, ಇಂಧನ, ಸರಿಯಾದ ಹೊತ್ತಿಗೆ ಒಂದು ಕಿಡಿ, ಜೊತೆಗೆ ಸಿಲಿಂಡರಿನೊಳಗೆ ಒತ್ತಡ. ಪೈಪಿನ ನೀರು ಈ ಪೈಕಿ ಮೊದಲ ಮೂರನ್ನೂ ಕೆಡಿಸಬಲ್ಲದು. ಏರ್ ಫಿಲ್ಟರಿನ ಸ್ಪಂಜು ನೀರು ಕುಡಿದರೆ ಗಾಳಿ ಒಳಹೋಗುವುದಿಲ್ಲ. ಸ್ಪಾರ್ಕ್ ಪ್ಲಗ್ಗಿನ ಟೋಪಿಯೊಳಗೆ ತೇವ ಸೇರಿದರೆ ಕಿಡಿಯಾಗಬೇಕಿದ್ದ ವಿದ್ಯುತ್ತು ಅಡ್ಡದಾರಿ ಹಿಡಿದು ಎಂಜಿನ್ನಿನ ಮೈಗೆ ಇಳಿದುಹೋಗುತ್ತದೆ. ಟ್ಯಾಂಕಿನ ಮುಚ್ಚಳದ ಸಣ್ಣ ಗಾಳಿಕಿಂಡಿಯಿಂದ ನೀರು ಇಳಿದರೆ ಅದು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ. ಕಾರ್ಬ್ಯುರೇಟರಿಗೆ ಮೊದಲು ಹೋಗುವುದು ಅದೇ. ಉದ್ಯಾನಗಳಲ್ಲಿ ತಳ್ಳಿಕೊಂಡು ಹೋಗುವ ಲಾನ್ ಮೋವರನ್ನು ಬ್ಲೇಡಿನ ಅಡಿ ಕೆರೆಯಲೆಂದು ತಪ್ಪು ಮಗ್ಗುಲಿಗೆ ಮಲಗಿಸಿದರೆ ಎಂಜಿನ್ ಆಯಿಲ್ ಫಿಲ್ಟರಿಗೆ ಹರಿಯುತ್ತದೆ. ಇನ್ನು ಕೆಲವು ಸಲ ಆಗಿರುವುದು ಇಷ್ಟೇ: ಒರೆಸುವ ಬಟ್ಟೆ ತಾಗಿ ಸ್ವಿಚ್ಚು ಆಫ್ ಕಡೆಗೆ ಸರಿದಿರುತ್ತದೆ. ಹಾಗಾಗಿ ತೊಳೆದದ್ದನ್ನು ಅನುಮಾನಿಸುವುದು ಮೂರ್ಖತನವಲ್ಲ. ನಾನು ಕೇಳುತ್ತಿರುವುದು ಆ ಅನುಮಾನ ಎಲ್ಲಿಯವರೆಗೆ ಹೋಗಬೇಕು ಎಂಬುದನ್ನು.

ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗವಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಒಂದು ತೆಂಗಿನ ತೋಟ. ಹಬ್ಬದ ಹಿಂದಿನ ದಿನ ಯಜಮಾನರು ಕೂಲಿಯಾಳನ್ನು ಕರೆದು ಶೆಡ್ಡಿನಲ್ಲಿದ್ದುದನ್ನೆಲ್ಲ ಚೆನ್ನಾಗಿ ತೊಳೆದಿಡು ಅಂದರು. ಆತ ಬ್ರಷ್ ಕಟರನ್ನೂ ಪೈಪು ಹಿಡಿದು ತೊಳೆದ, ಬ್ಲೇಡಿಗೆ ಅಂಟಿ ಒಣಗಿದ್ದ ಹುಲ್ಲನ್ನು ಉಗುರಿನಲ್ಲಿ ಕೆರೆದು ತೆಗೆದ, ಒರೆಸಿದ. ಮರುದಿನ ಅದಕ್ಕೆ ಅರಿಸಿನ ಕುಂಕುಮ, ಹೂವು, ನಿಂಬೆಹಣ್ಣು. ಅದರ ಮರುದಿನ ಎಷ್ಟು ಸಲ ಹಗ್ಗ ಎಳೆದರೂ ಎಂಜಿನ್ ಹತ್ತಲಿಲ್ಲ. ‘ನೀರು ಬಿಟ್ಟು ಕೆಡಿಸ್ದ’ ಎಂಬ ಮಾತು ಬಂತು. ರಿಪೇರಿಯ ಖರ್ಚನ್ನು ವಾರದ ಕೂಲಿಯಲ್ಲಿ ಮುರಿದುಕೊಳ್ಳುವುದೆಂದು ಆತನ ಎದುರಿಗೇ ತೀರ್ಮಾನವಾಯಿತು. ಆತ ಎದುರು ಮಾತಾಡಲಿಲ್ಲ. ಆಡುವುದಕ್ಕೆ ಏನಿತ್ತು? ತೊಳೆದದ್ದು ತಾನೇ, ತೊಳೆದ ಮೇಲೆ ಹತ್ತಲಿಲ್ಲ ಎಂಬುದೂ ಕಣ್ಣೆದುರಿನ ಸತ್ಯ.

ಯಂತ್ರ ನಾಗಮಂಗಲದ ಒಬ್ಬ ಮೆಕ್ಯಾನಿಕ್ ಬಳಿಗೆ ಹೋಯಿತು. ಜೊತೆಯಲ್ಲಿ ನಾನೂ ಇದ್ದೆ. ಮೆಕ್ಯಾನಿಕ್ ಮೊದಲು ಕೇಳಿದ್ದು ‘ಯಾರು ತೊಳೆದರು’ ಎಂದಲ್ಲ, ‘ಕೊನೆಗೆ ಓಡಿದ್ದು ಯಾವಾಗ’ ಎಂದು. ಆಮೇಲೆ ಸ್ವಿಚ್ಚು ನೋಡಿದರು, ಫಿಲ್ಟರಿನ ಸ್ಪಂಜನ್ನು ತೆಗೆದು ಹಿಂಡಿದರು. ತುಸು ತೇವವಿತ್ತು, ಒಣಗಿಸಿ ಹಾಕಿದರು. ಹತ್ತಲಿಲ್ಲ. ಪ್ಲಗ್ ಬಿಚ್ಚಿದರು. ತುದಿ ಒಣಗಿತ್ತು. ಅದನ್ನು ಎಂಜಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆದಾಗ ನೀಲಿ ಕಿಡಿ ಚಿಟಿಕೆ ಹೊಡೆಯಿತು. ಅಂದರೆ ಕಿಡಿ ಇದೆ. ಪ್ಲಗ್ಗಿನ ತೂತಿನಿಂದ ನಾಲ್ಕು ಹನಿ ಹೊಸ ಪೆಟ್ರೋಲು ಬಿಟ್ಟು ಮತ್ತೆ ಎಳೆದರು. ಎಂಜಿನ್ ಎರಡು ಕ್ಷಣ ಗರ್ ಎಂದು ನಿಂತುಹೋಯಿತು. ಕಿಡಿ, ಒತ್ತಡ, ಗಾಳಿ ಎಲ್ಲ ಇವೆ, ಇಂಧನ ಮಾತ್ರ ತಲುಪುತ್ತಿಲ್ಲ. ಕಾರ್ಬ್ಯುರೇಟರ್ ಬಿಚ್ಚಿದಾಗ ಒಳಗಿನ ತೆಳು ಪೊರೆ ಸೆಟೆದು ಗಟ್ಟಿಯಾಗಿತ್ತು, ಕೂದಲೆಳೆಯಂಥ ತೂತಿಗೆ ಗೋಂದಿನಂಥದ್ದು ಕಟ್ಟಿಕೊಂಡಿತ್ತು. ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ನಿಂತ ಇಂಧನ ಮಾಡುವ ಕೆಲಸವದು. ಪೆಟ್ರೋಲಿನಲ್ಲಿ ಈಗ ಶೇಕಡ 20ರಷ್ಟು ಎಥನಾಲ್ ಇರುವುದು ಕಬ್ಬಿನ ಸೀಮೆಯವರಾದ ನಮಗೆ ಹೊಸ ಸುದ್ದಿಯಲ್ಲ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ; ಹಳೆಯ ಮಾದರಿಯ ರಬ್ಬರು ಭಾಗಗಳಿಗೂ ಅದು ಆಗಿಬರುವುದಿಲ್ಲ. ಮೆಕ್ಯಾನಿಕ್ ಒಂದೇ ಮಾತಲ್ಲಿ ಮುಗಿಸಿದರು: ‘ನೀರ್ದಲ್ಲ ಕಣಣ್ಣ ತಪ್ಪು, ನಿಲ್ಸಿದ್ದು ತಪ್ಪು.’

ಯಂತ್ರ ಹಬ್ಬಕ್ಕೆ ಎಷ್ಟೋ ಮೊದಲೇ ಕೆಟ್ಟಿತ್ತು. ಅದು ಬೆಳಕಿಗೆ ಬಂದದ್ದು ತೊಳೆದ ಮೇಲೆ, ಅಷ್ಟೆ. ತೊಳೆಯದಿದ್ದರೆ ಅದನ್ನು ಹೊರಗೆ ತೆಗೆಯುವವರೂ ಇರಲಿಲ್ಲ, ಹಗ್ಗ ಎಳೆಯುವವರೂ ಇರಲಿಲ್ಲ.

ಸಂಶೋಧನೆಗೆಂದು ನ್ಯಾಯಶಾಸ್ತ್ರದ ಪ್ರಕರಣಗಳನ್ನು ಓದುವ ನನಗೆ ಆ ಅಂಗಡಿಯಲ್ಲಿ ನಡೆದದ್ದು ಪರಿಚಿತವಾಗಿಯೇ ಕಂಡಿತು. ಕಾಗೆ ಬಂದು ಕೂತಿತು, ತಾಳೆಹಣ್ಣು ಬಿತ್ತು. ಕಾಕತಾಳೀಯ ಎಂಬ ಪದವನ್ನು ನಾವು ದಿನಬಳಕೆಯಲ್ಲೇ ಆಡುತ್ತೇವೆ. ನೈಯಾಯಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅವರ ಪ್ರಕಾರ ಯಾವುದನ್ನಾದರೂ ಕಾರಣ ಎನ್ನಬೇಕಾದರೆ ಅದು ಕಾರ್ಯಕ್ಕಿಂತ ಮೊದಲು ಇದ್ದರೆ ಸಾಲದು. ನಿಯತವಾಗಿ ಇರಬೇಕು, ಜೊತೆಗೆ ‘ಅನ್ಯಥಾಸಿದ್ಧ’ ಆಗಿರಬಾರದು. ಅಂದರೆ ಅದಿಲ್ಲದೆಯೂ ಕೆಲಸ ನಡೆಯುವಂಥದ್ದಾಗಿರಬಾರದು. ಇದಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ ಕುಂಬಾರನ ಮಣ್ಣು ಹೊತ್ತ ಕತ್ತೆ. ಮಡಕೆ ಆಗುವ ಮೊದಲು ಕತ್ತೆ ಅಲ್ಲಿತ್ತು, ನಿಜ. ಆದರೆ ಮಡಕೆಗೆ ಕತ್ತೆಯನ್ನು ಕಾರಣ ಎನ್ನುವುದಿಲ್ಲ. ಮಣ್ಣು ಗಾಡಿಯಲ್ಲಿ ಬಂದಿದ್ದರೂ ಮಡಕೆ ಆಗುತ್ತಿತ್ತು. ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲಿ ಇನ್ನೊಂದು ದಿಕ್ಕಿನಿಂದ ಬಂದು, ನಮ್ಮ ಕಣ್ಣಿಗೆ ಕಾಣುವುದು ಒಂದಾದ ಮೇಲೆ ಒಂದು ಬರುವುದಷ್ಟೇ, ಅವೆರಡನ್ನು ಕಟ್ಟಿದ ಗಂಟು ಕಾಣುವುದಿಲ್ಲ ಎಂದು ವಾದಿಸಿದ. ಮೆಕ್ಯಾನಿಕ್ ಇವರಾರನ್ನೂ ಓದಿಲ್ಲ. ಆದರೆ ಒಂದನ್ನು ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟು ನೋಡುವುದು, ಇದ್ದಾಗ ಏನಾಗುತ್ತದೆ ಇಲ್ಲದಾಗ ಏನಾಗುತ್ತದೆ ಎಂದು ಪರೀಕ್ಷಿಸುವುದು, ಗ್ರಂಥಗಳು ಅನ್ವಯ ವ್ಯತಿರೇಕ ಎಂದು ಕರೆಯುವುದೂ ಇದನ್ನೇ.

ತರ್ಕದ ಈ ಮಾತು ಗೊತ್ತಿಲ್ಲದ್ದರಿಂದ ತೋಟದಲ್ಲಿ ಹಾಗಾಯಿತು ಅಂದುಕೊಂಡರೆ ತಪ್ಪಾಗುತ್ತದೆ. ಅದೇ ಯಜಮಾನರು ತೆಂಗಿನ ಗರಿ ಹಳದಿಯಾದರೆ ಒಂದೇ ಕಾರಣಕ್ಕೆ ನಿಲ್ಲುವುದಿಲ್ಲ. ನೀರು ಹೆಚ್ಚಾಯಿತೆ, ಗೊಬ್ಬರ ಕಡಿಮೆಯಾಯಿತೆ, ಬೇರಿಗೆ ಹುಳು ಬಿತ್ತೆ ಎಂದು ಒಂದೊಂದಾಗಿ ಅಳೆಯುತ್ತಾರೆ. ತರ್ಕ ಅವರಲ್ಲಿ ಬೇಕಾದಷ್ಟಿದೆ. ಎದುರಿಗೆ ಒಬ್ಬ ಮನುಷ್ಯ ಸಿಕ್ಕಿದಾಗ, ಅದರಲ್ಲೂ ತಿರುಗಿ ಮಾತಾಡದ ಮನುಷ್ಯ ಸಿಕ್ಕಿದಾಗ, ಅದು ನಿಂತುಹೋಗುತ್ತದೆ. ಮರದ ವಿಷಯದಲ್ಲಿ ಇರುವ ತಾಳ್ಮೆ ಕೂಲಿಯಾಳಿನ ವಿಷಯದಲ್ಲಿ ಇಲ್ಲದೆ ಹೋಗುವುದು ಬುದ್ಧಿಯ ಕೊರತೆಯಲ್ಲ, ನೀತಿಯದು.

ಕೊನೆಗೆ ಮುಟ್ಟಿದ ಕೈಯನ್ನು ಹಿಡಿಯುವುದು ಅನುಕೂಲದ ಕೆಲಸ. ಕೊನೆಗೆ ಮುಟ್ಟುವ ಕೈ ಸಾಮಾನ್ಯವಾಗಿ ಕೆಳಗಿನವರದೇ ಆಗಿರುತ್ತದೆ. ಪಾತ್ರೆ ತೊಳೆಯುವವರು, ಕಸ ಗುಡಿಸುವವರು, ವಾರ್ಡಿನಲ್ಲಿ ಹಾಸಿಗೆ ಬದಲಿಸುವವರು, ಹೊಸದಾಗಿ ಮನೆಗೆ ಬಂದ ಸೊಸೆ. ಶುಚಿ ಮಾಡುವ ಕೆಲಸಕ್ಕೆ ಒಂದು ವಿಚಿತ್ರ ಗುಣವಿದೆ. ಚೆನ್ನಾಗಿ ಆದರೆ ಅದು ಕಾಣುವುದೇ ಇಲ್ಲ. ಯಾವುದೋ ಕಳೆದಾಗ, ಒಡೆದಾಗ, ನಿಂತಾಗ ಮಾತ್ರ ‘ಯಾರು ಮುಟ್ಟಿದ್ದು’ ಎಂದು ಕಾಣುತ್ತದೆ. ವರ್ಷವಿಡೀ ಹೆಸರಿಲ್ಲದ ಕೈಗೆ ಆ ಒಂದು ದಿನ ಹೆಸರು ಬರುತ್ತದೆ.

ಇದಕ್ಕೆ ಎದುರು ಹೇಳಬಹುದಾದ ಮಾತೊಂದಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎಲ್ಲಕ್ಕೂ ಹಿಂದಿನ ಕಾರಣ ಹುಡುಕುತ್ತ ಹೋದರೆ ಯಾರೂ ಯಾವುದಕ್ಕೂ ಹೊಣೆಯಾಗುವುದಿಲ್ಲವಲ್ಲ? ಇಂಧನ ಬಿಟ್ಟವರು, ಅವರಿಗೆ ಹೇಳದವರು, ಮಾರಿದ ಅಂಗಡಿಯವರು ಎಂದು ಸರಪಳಿ ಎಳೆಯುತ್ತಲೇ ಇರಬಹುದು. ಕೊನೆಯ ಬದಲಾವಣೆಯನ್ನು ಮೊದಲು ನೋಡು ಎಂಬುದು ಮೆಕ್ಯಾನಿಕ್ಕುಗಳೂ ಪಾಲಿಸುವ ಸೂತ್ರ. ನಮ್ಮ ಮೆಕ್ಯಾನಿಕ್ ಕೂಡ ಮೊದಲು ನೋಡಿದ್ದು ಸ್ವಿಚ್ಚು ಮತ್ತು ತೇವವನ್ನೇ. ಒಪ್ಪುತ್ತೇನೆ. ಕೊನೆಗೆ ಮುಟ್ಟಿದ ಕೈ ವಿಚಾರಣೆ ಶುರುಮಾಡಲು ಸರಿಯಾದ ಜಾಗ. ಅದು ವಿಚಾರಣೆ ಮುಗಿಸುವ ಜಾಗವಲ್ಲ. ತೇವ ಒಣಗಿಸಿದ ಮೇಲೂ ಎಂಜಿನ್ ಹತ್ತದಿದ್ದಾಗ ಮೆಕ್ಯಾನಿಕ್ ಮುಂದಕ್ಕೆ ಹೋದರು. ತೋಟದಲ್ಲಿ ಯಾರೂ ಮುಂದಕ್ಕೆ ಹೋಗಲಿಲ್ಲ.

ಒಂದು ವೇಳೆ ನೀರಿನಿಂದಲೇ ಕೆಟ್ಟಿದ್ದರೆ? ಪ್ಲಗ್ಗಿನ ಟೋಪಿಯಲ್ಲಿ ನೀರು ನಿಂತಿದ್ದರೆ? ಆಗಲೂ ಕೂಲಿ ಮುರಿಯುವುದು ನ್ಯಾಯವಾಗುತ್ತಿರಲಿಲ್ಲ ಎಂದೇ ನನಗನ್ನಿಸುತ್ತದೆ. ಫಿಲ್ಟರಿಗೂ ಪ್ಲಗ್ಗಿಗೂ ಪ್ಲಾಸ್ಟಿಕ್ ಕಟ್ಟು, ಪೈಪು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು, ಆಮೇಲೆ ನೆರಳಲ್ಲಿ ಒಣಗಲು ಬಿಡು ಎಂದು ಆತನಿಗೆ ಯಾರೂ ಹೇಳಿರಲಿಲ್ಲ. ಅದನ್ನೆಲ್ಲ ಹೇಳುವ ಪುಸ್ತಕ ಇಂಗ್ಲಿಷಿನಲ್ಲಿ ಅಚ್ಚಾಗಿ, ಗ್ಯಾರಂಟಿ ಕಾರ್ಡಿನ ಜೊತೆ, ಮನೆಯೊಳಗಿನ ಬೀರುವಿನಲ್ಲಿತ್ತು. ‘ಚೆನ್ನಾಗಿ ತೊಳೆ’ ಎಂಬ ಮಾತನ್ನು ಆತ ತನಗೆ ಗೊತ್ತಿದ್ದ ಅರ್ಥದಲ್ಲಿ, ಎತ್ತಿಗೂ ನೇಗಿಲಿಗೂ ಸಲ್ಲುವ ಅರ್ಥದಲ್ಲಿ, ಪ್ರಾಮಾಣಿಕವಾಗಿ ನಡೆಸಿದ. ತಿಳಿವಳಿಕೆಯನ್ನು ಒಳಗಿಟ್ಟುಕೊಂಡು ಕೆಲಸವನ್ನು ಮಾತ್ರ ಹೊರಗೆ ಕೊಟ್ಟವರು ಹೊಣೆಯನ್ನೂ ಹೊರಗೆ ಕೊಡಲು ಬರುವುದಿಲ್ಲ. ತಿಳಿವಳಿಕೆ ಎಲ್ಲಿದೆಯೋ ಹೊಣೆಯ ದೊಡ್ಡ ಪಾಲು ಅಲ್ಲೇ ಇರಬೇಕು.

ಹಾಗೆಂದು ಪೂಜೆಯನ್ನು ಹಳಿಯುವ ಮನಸ್ಸು ನನಗಿಲ್ಲ. ವರ್ಷಕ್ಕೊಂದು ದಿನವಾದರೂ ನಾವು ದುಡಿಸಿಕೊಳ್ಳುವ ವಸ್ತುವಿನ ಮುಂದೆ ಕೈಮುಗಿದು ನಿಲ್ಲುವುದು ಸಣ್ಣ ಸಂಗತಿಯಲ್ಲ. ತೊಳೆಯುವಾಗಲೇ ಬ್ಲೇಡಿನ ಸೀಳು, ಸಡಿಲವಾದ ನಟ್ಟು ಕಣ್ಣಿಗೆ ಬೀಳುವುದು. ಆದರೆ ಆ ದಿನದ ಗೌರವ ಯಂತ್ರಕ್ಕೆ ಸಂದು, ಅದನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ಹುಲ್ಲು ಹೊಡೆಯುವ ಮನುಷ್ಯನಿಗೆ ಸಲ್ಲದಿದ್ದರೆ ಪೂಜೆ ಅರ್ಧಕ್ಕೆ ನಿಂತಂತೆ.

ಮೆಕ್ಯಾನಿಕ್ ಮಾತು ಕೇಳಿ ತೋಟಕ್ಕೆ ಮರಳಿದ ಮೇಲೆ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ‘ಹಾಗಾದ್ರೆ ಪೆಟ್ರೋಲ್ ಹಾಗೇ ಬಿಟ್ಟು ಒಳಗಿಟ್ಟೋರು ಯಾರು?’ ಎಂಬುದಾಗಿತ್ತು. ಇನ್ನೊಂದು ಕೈಯ ಹುಡುಕಾಟ. ಮನೆಯವರದೇ ಕೈ ಎಂದು ತಿಳಿಯುತ್ತಲೇ ಆ ಹುಡುಕಾಟ ನಗುವಿನಲ್ಲಿ ಮುಗಿಯಿತು. ಹೋಗ್ಲಿ ಬಿಡು, ಯಾರಿಗೆ ಗೊತ್ತಿತ್ತು ಅಂದರು. ಗೊತ್ತಿರಲಿಲ್ಲ ಎಂಬ ಆ ವಿನಾಯಿತಿ ಎರಡು ದಿನದ ಹಿಂದೆ ಇನ್ನೊಬ್ಬನಿಗೆ ಸಿಕ್ಕಿರಲಿಲ್ಲ. ಶನಿವಾರ ಆತನ ಕೂಲಿ ಪೂರ್ತಿ ಕೈಸೇರಿತು. ಯಾಕೆ ಮುರಿಯಲಿಲ್ಲ ಎಂದು ಯಾರೂ ಆತನಿಗೆ ಹೇಳಲಿಲ್ಲ. ನೋಟುಗಳನ್ನು ಎರಡು ಸಲ ಎಣಿಸಿ, ಜೇಬಿಗಿಟ್ಟುಕೊಂಡು, ಸೋಮವಾರ ಯಾವ ಸಾಲಿನ ಹುಲ್ಲು ಹೊಡೆಯಬೇಕು ಎಂದು ಕೇಳಿ ಆತ ಹೊರಟ.