ಬ್ಯಾಟರಿಯೂ ನೆರೆಮನೆಯೂ

ಪೇಟೆಯಲ್ಲಿ ಒಂದು ವಸ್ತುವನ್ನು ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಬೆಲೆ ಎಷ್ಟು, ಬಾಳಿಕೆ ಎಷ್ಟು. ಛತ್ರಿಯ ಮಟ್ಟಿಗೆ ಇಷ್ಟು ಸಾಕು. ನಾನು ಕೊಂಡ ಛತ್ರಿ ಸೋರಿದರೆ ನೆನೆಯುವವನು ನಾನು. ಆದರೆ ಕೆಲವು ವಸ್ತುಗಳು ಹೀಗಲ್ಲ. ಕೊಳ್ಳುವವನು ಒಬ್ಬ, ಅದರ ಕೆಡುಕನ್ನು ಅನುಭವಿಸಬೇಕಾದವರು ಹಲವರು. ಅಂಥ ವಸ್ತುವನ್ನು ಕೊಳ್ಳುವಾಗ ಮೂರನೆಯ ಪ್ರಶ್ನೆಯೊಂದು ಏಳಬೇಕು. ಅದು ಸಾಮಾನ್ಯವಾಗಿ ಏಳುವುದಿಲ್ಲವೆಂಬುದೇ ನನ್ನ ಚಿಂತೆ.

ಇಷ್ಟು ಪೀಠಿಕೆ ಒಂದು ಬೈಸಿಕಲ್ಲಿಗಾಗಿ ಎಂದರೆ ಓದುಗರು ನಗಬಹುದು. ಮೈಸೂರಿನಲ್ಲಿ ನನ್ನ ಮನೆಯಿಂದ ಕಾಲೇಜಿಗೆ ಏಳು ಕಿಲೋಮೀಟರು. ಪೆಟ್ರೋಲಿನ ಮೇಲಿನ ಮುನಿಸು, ನಲವತ್ತು ದಾಟಿದ ಮೊಣಕಾಲಿನ ಮೇಲಿನ ಕನಿಕರ, ಇವೆರಡೂ ಸೇರಿ ನನ್ನನ್ನು ವಿದ್ಯುತ್ ಸೈಕಲ್ಲಿನ ಕಡೆಗೆ ತಳ್ಳಿದವು. ಸೈಕಲ್ಲನ್ನು ಆರಿಸುವುದು ಕಷ್ಟವಾಗಲಿಲ್ಲ. ಚಕ್ರ, ಬ್ರೇಕು, ಸೀಟು ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಕಷ್ಟ ಬಂದದ್ದು ಬ್ಯಾಟರಿಯಲ್ಲಿ. ಅದೊಂದು ಮುಚ್ಚಿದ ಪೆಟ್ಟಿಗೆ. ಅದರ ಗುಣವನ್ನು ಮೈಮೇಲೆ ಅಂಟಿಸಿದ ಚೀಟಿಯಿಂದಲೇ ತಿಳಿಯಬೇಕು.

ಅಂಗಡಿಯವರು ಒಳ್ಳೆಯವರು. “ಸಾರ್, ದೊಡ್ಡದೇ ತಗೊಳ್ಳಿ. ನಡುದಾರೀಲಿ ಖಾಲಿಯಾಗಿಬಿಟ್ರೆ ಏನ್ ಮಾಡ್ತೀರಿ? ಒಂದಿನ ಬೆಟ್ಟಕ್ಕೆ ಹೋಗೋಣ ಅನ್ನಿಸಿದ್ರೆ?” ಎಂದರು. ಅವರು ಮುಂದಿಟ್ಟದ್ದು ೪೮ ವೋಲ್ಟಿನ, ೨೦ ಆಂಪಿಯರ್-ಗಂಟೆಯ ಪ್ಯಾಕು. ಎರಡನ್ನೂ ಗುಣಿಸಿದರೆ ೯೬೦ ವಾಟ್-ಗಂಟೆ. ಅದಕ್ಕೆ ತಕ್ಕ ಮೋಟಾರನ್ನೂ ನಿಯಂತ್ರಕವನ್ನೂ ಅವರೇ ಕೂಡಿಸಿಕೊಡುವವರಿದ್ದರು. ನನ್ನ ಲೆಕ್ಕವೋ ಬೇರೆ. ಪೆಡಲು ತುಳಿಯುತ್ತ ಮೋಟಾರಿನಿಂದ ನೆರವನ್ನಷ್ಟೇ ಪಡೆದರೆ ಕಿಲೋಮೀಟರಿಗೆ ಸುಮಾರು ೧೦ ವಾಟ್-ಗಂಟೆ ಸಾಕು. ತುಳಿಯದೆ ಹಾಯಾಗಿ ಕುಳಿತರೆ ೧೫-೨೦ಕ್ಕೆ ಏರಬಹುದು. ಹೋಗಿಬರುವ ಹದಿನಾಲ್ಕು ಕಿಲೋಮೀಟರಿಗೆ, ಸೋಮಾರಿತನವನ್ನೂ ಸೇರಿಸಿ, ೨೮೦. ೩೬ ವೋಲ್ಟಿನ, ೧೦ ಆಂಪಿಯರ್-ಗಂಟೆಯ ಸಣ್ಣ ಪ್ಯಾಕಿನಲ್ಲಿ ೩೬೦ ಇದೆ. ಕೆಲವು ವರ್ಷ ಕಳೆದು ಅದರ ಕಸುವು ಮುಕ್ಕಾಲಿಗೆ ಇಳಿದರೂ ನಾನು ಸ್ವಲ್ಪ ಕಾಲಾಡಿಸಿದರೆ ಆಯಿತು.

ಹಾಗಾದರೆ ೯೬೦ರ ಮಾತು ಎಲ್ಲಿಂದ ಬಂತು? ನಡುದಾರಿಯಲ್ಲಿ ನಿಂತೇವೆಂಬ ಭಯದಿಂದ. ಇದು ಕಾರಿಗೆ ಒಪ್ಪುವ ಭಯ. ಸೈಕಲ್ಲಿನ ಬ್ಯಾಟರಿ ಖಾಲಿಯಾದರೆ ಒದಗುವ ಅತಿ ದೊಡ್ಡ ಅನಾಹುತವೆಂದರೆ ಅದು ಸೈಕಲ್ಲಾಗುತ್ತದೆ. ನಮ್ಮ ಹಿಂದಿನ ತಲೆಮಾರಿನ ಪಂಡಿತರು ಪಂಚೆಯನ್ನು ಎತ್ತಿಕಟ್ಟಿಕೊಂಡು ಜೀವಮಾನವಿಡೀ ಇದೇ ಅನಾಹುತದಲ್ಲಿ ಓಡಾಡಿದರು. ಹಳಗನ್ನಡದ ಜೈನ ಕಾವ್ಯಗಳನ್ನು ಪಾಠ ಹೇಳುವಾಗ ಪರಿಗ್ರಹವೆಂಬ ಮಾತನ್ನು ಎಷ್ಟೋ ಸಲ ವಿವರಿಸಿದ್ದೇನೆ: ಬೇಕಾದುದಕ್ಕಿಂತ ಹೆಚ್ಚನ್ನು ಹಿಡಿದಿಡುವುದು. ವಿದ್ಯಾರ್ಥಿಗಳು ಚಿನ್ನ, ಜಮೀನು ಎಂದು ಅಂಚಿನಲ್ಲಿ ಬರೆದುಕೊಳ್ಳುತ್ತಾರೆ. ವಾಟ್-ಗಂಟೆ ಎಂದು ಇದುವರೆಗೆ ಯಾರೂ ಬರೆದುಕೊಂಡಿಲ್ಲ.

ಹೆಚ್ಚು ಕೊಂಡರೆ ನಷ್ಟ ನಿಮ್ಮ ಜೇಬಿಗೆ ತಾನೆ, ಅದರಲ್ಲಿ ನೀತಿಯ ಮಾತೇಕೆ ಎನ್ನಬಹುದು. ಬ್ಯಾಟರಿ ಛತ್ರಿಯಿಂದ ಬೇರೆಯಾಗುವುದು ಇಲ್ಲಿಯೇ. ಲಿಥಿಯಂ-ಅಯಾನ್ ಕೋಶ ಮಾರುಕಟ್ಟೆಗೆ ಬಂದದ್ದು ೧೯೯೧ರಲ್ಲಿ. ಅದಕ್ಕೆ ತಳಹದಿ ಹಾಕಿದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ನೊಬೆಲ್ ಬಹುಮಾನ ಬಂತು. ಸೈಕಲ್ಲಿನ ಪ್ಯಾಕುಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವುದು ೧೮ ಮಿಲಿಮೀಟರು ದಪ್ಪ, ೬೫ ಮಿಲಿಮೀಟರು ಉದ್ದದ ಕೋಶ. ಇಂಥ ನಲವತ್ತನ್ನು ಒತ್ತಾಗಿ ಜೋಡಿಸಿದರೆ ಒಂದು ಪ್ಯಾಕಾಗುತ್ತದೆ. ಅವುಗಳಲ್ಲಿ ಒಂದು ಒಳಗೊಳಗೇ ಕೆಟ್ಟು ಕಾದರೆ ಆ ಕಾವು ಪಕ್ಕದ ಕೋಶಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ಹಬ್ಬುತ್ತದೆ. ನಿಕಲ್, ಕೋಬಾಲ್ಟ್ ಬೆರೆತ ಬಗೆಯ ಕೋಶವಾದರೆ ಅತಿಯಾಗಿ ಕಾದಾಗ ತನ್ನೊಳಗಿನಿಂದಲೇ ಆಮ್ಲಜನಕವನ್ನು ಬಿಡುತ್ತದೆ. ಕಂಬಳಿ ಮುಚ್ಚಿ ಉಸಿರುಕಟ್ಟಿಸಿ ಆರಿಸುತ್ತೇನೆಂದರೆ ಆರುವ ಬೆಂಕಿಯಲ್ಲ ಅದು. ಪೆಟ್ಟಿಗೆ ದೊಡ್ಡದಾದಷ್ಟೂ ಉರಿಯುವ ಸರಕು ಹೆಚ್ಚು. ನಡುದಾರಿಯ ಭಯಕ್ಕಾಗಿ ನಾನು ಕೊಂಡ ಹೆಚ್ಚಿನ ೬೦೦ ವಾಟ್-ಗಂಟೆ ರಾತ್ರಿಯೆಲ್ಲ ಎಲ್ಲಿರುತ್ತದೆ? ನಮ್ಮದು ಬಾಡಿಗೆಯ ಮಹಡಿಮನೆ. ಪ್ಲಗ್ಗು ಇರುವುದು ಮೆಟ್ಟಿಲಿನ ಕೆಳಗೆ. ಮೆಟ್ಟಿಲು ಒಂದೇ. ಅದರ ಪಕ್ಕದ ಕೋಣೆಯಲ್ಲಿ ಮಲಗುವವರು ಮನೆಯ ಯಜಮಾನರ ತಾಯಿ. ಎಂಬತ್ತು ದಾಟಿದ ಜೀವ.

ಕಲ್ಪನೆಯ ಭೂತವನ್ನು ನಿಲ್ಲಿಸಿ ಹೆದರಿಸುತ್ತಿಲ್ಲ. ನ್ಯೂಯಾರ್ಕ್ ನಗರದಲ್ಲಿ ೨೦೨೩ರ ಒಂದೇ ವರ್ಷದಲ್ಲಿ ಲಿಥಿಯಂ ಬ್ಯಾಟರಿಗಳ ಬೆಂಕಿಯಿಂದ ೧೮ ಮಂದಿ ಸತ್ತರು. ಪರೀಕ್ಷೆಗೆ ಒಳಗಾಗಿ ಪ್ರಮಾಣಪತ್ರ ಪಡೆಯದ ಸೈಕಲ್ ಬ್ಯಾಟರಿಗಳನ್ನು ಮಾರಕೂಡದೆಂಬ ಕಾನೂನು ಅದೇ ಸೆಪ್ಟೆಂಬರಿನಿಂದ ಅಲ್ಲಿ ಜಾರಿಗೆ ಬಂತು. ನಮ್ಮಲ್ಲಿಯೂ, ೨೦೨೨ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಒಂದು ಕಟ್ಟಡದ ಕೆಳಭಾಗದಲ್ಲಿದ್ದ ವಿದ್ಯುತ್ ಸ್ಕೂಟರಿನ ಮಳಿಗೆಯಲ್ಲಿ ಬೆಂಕಿ ಎದ್ದು, ಹೊಗೆ ಮೇಲಿನ ಹೋಟೆಲಿಗೆ ಏರಿ ಎಂಟು ಜನ ಪ್ರಾಣ ಬಿಟ್ಟರು. ಸ್ಕೂಟರಿನ ವ್ಯಾಪಾರಕ್ಕೂ ಮಹಡಿಯ ಮೇಲೆ ಇದ್ದ ಅವರಿಗೂ ಏನು ಸಂಬಂಧ? ಒಂದೇ ಸೂರಿನ ಸಂಬಂಧ.

ಬೆಂಕಿಯೊಡನೆ ಬಾಳುವುದು ನಮ್ಮ ಜನಕ್ಕೆ ಹೊಸದಲ್ಲ. ಹುಲ್ಲುಮಾಡಿನ ಸಾಲುಮನೆಗಳ ಕಾಲದಲ್ಲಿ ಹೆಂಗಸರು ಮಲಗುವ ಮುನ್ನ ಒಲೆಯ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದರು. ಬೆಳಗ್ಗೆ ಅದೇ ಕೆಂಡದಿಂದ ಪಕ್ಕದ ಮನೆಯವರೂ ಒಲೆ ಹೊತ್ತಿಸಿಕೊಳ್ಳುತ್ತಿದ್ದರು. ನನ್ನ ಮಾಡು ಹೊತ್ತಿದರೆ ನಿನ್ನದೂ ಹೊತ್ತೀತು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆ ಬೆಂಕಿ ಕಣ್ಣಿಗೆ ಕಾಣುತ್ತಿತ್ತು. ಅದನ್ನು ಕಾಯುವ ಹೊಣೆಯೂ ಕಾಣುತ್ತಿತ್ತು. ಈ ಬೆಂಕಿ ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ, ಹಸುರು ದೀಪದ ಹಿಂದೆ ತಣ್ಣಗೆ ಕುಳಿತಿದೆ.

ಅಡುಗೆಮನೆಯ ಗ್ಯಾಸ್ ಸಿಲಿಂಡರು ಇದಕ್ಕಿಂತ ಅಪಾಯವಲ್ಲವೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಆಕ್ಷೇಪಣೆಯೇ. ಆದರೆ ಸಿಲಿಂಡರನ್ನು ತುಂಬುವವರು ಯಾರು, ಪರೀಕ್ಷಿಸುವವರು ಯಾರು ಎಂಬುದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ಸ್ವಭಾವತಃ ವಾಸನೆಯೇ ಇಲ್ಲದ ಆ ಅನಿಲಕ್ಕೆ, ಸೋರಿದರೆ ನೆರೆಯವರಿಗೂ ತಿಳಿಯಲೆಂದು, ದುರ್ವಾಸನೆಯ ದ್ರವ್ಯವನ್ನು ಬೇಕೆಂದೇ ಬೆರೆಸುತ್ತಾರೆ. ಆ ದುರ್ವಾಸನೆಯಷ್ಟು ಸಭ್ಯವಾದ ವಸ್ತು ನಮ್ಮ ಮನೆಗಳಲ್ಲಿ ಇನ್ನೊಂದಿರಲಾರದು! ವಿದ್ಯುತ್ ಸೈಕಲ್ಲಿನ ವಿಷಯದಲ್ಲಿ ಕಾನೂನು ಕೈ ಸಡಿಲಿಸಿದೆ. ೨೫೦ ವಾಟ್ ಮೀರದ ಮೋಟಾರು, ಗಂಟೆಗೆ ೨೫ ಕಿಲೋಮೀಟರು ಮೀರದ ವೇಗ ಇದ್ದರೆ ಅದು ಮೋಟಾರು ವಾಹನವೇ ಅಲ್ಲ; ನೋಂದಣಿ ಬೇಡ, ಪರವಾನಗಿ ಬೇಡ. ಓಡಿಸುವವನಿಗೆ ಇದು ಅನುಕೂಲವೇ ಸರಿ. ಆದರೆ ಕಾನೂನು ಕೇಳದೆ ಬಿಟ್ಟ ಪ್ರಶ್ನೆಗಳು ಕೊಳ್ಳುವವನ ತಲೆಯ ಮೇಲೆ ಬಂದು ಕೂರುತ್ತವೆ.

ಆದಕಾರಣ ನಾನು ಅಂಗಡಿಯವರನ್ನು ಬೇಸರವಾಗುವಷ್ಟು ಪ್ರಶ್ನಿಸಿದೆ. ಕೋಶಗಳು ಯಾರ ತಯಾರಿಕೆ, ಐ.ಎಸ್. ೧೬೦೪೬ ಎಂಬ ಭಾರತೀಯ ಮಾನಕದ ಗುರುತು ಇದೆಯೇ, ಚಾರ್ಜು ತುಂಬಿದಾಗ ಅಥವಾ ಒಂದು ಕೋಶ ಹದ್ದು ಮೀರಿದಾಗ ತಾನಾಗಿಯೇ ಕಡಿತಗೊಳಿಸುವ ಕಾವಲು ಮಂಡಲಿ ಒಳಗಿದೆಯೇ, ಚಾರ್ಜರು ಅದೇ ಪ್ಯಾಕಿಗೆಂದು ಮಾಡಿದ್ದೇ. ಕೊನೆಗೆ ಆರಿಸಿದ್ದು ಲಿಥಿಯಂ ಕಬ್ಬಿಣದ ಫಾಸ್ಫೇಟಿನ ಸಣ್ಣ ಪ್ಯಾಕು. ಈ ರಸಾಯನದಲ್ಲಿ ಆಮ್ಲಜನಕ ರಂಜಕಕ್ಕೆ ಬಲವಾಗಿ ಅಂಟಿಕೊಂಡಿರುವುದರಿಂದ ಕಾದರೂ ಬೇಗ ಬಿಟ್ಟುಕೊಡದು. ಉರಿಯುವುದೇ ಇಲ್ಲವೆಂದಲ್ಲ, ಉರಿಸುವುದು ಕಷ್ಟ. ೧೯೯೭ರಲ್ಲಿ ಇದನ್ನು ಪ್ರಕಟಿಸಿದ ಟೆಕ್ಸಾಸ್ ವಿಶ್ವವಿದ್ಯಾಲಯದ ಲೇಖನದ ಮೇಲೆ ಗುಡಿನಫ್ ಅವರ ಜೊತೆ ಪಾಧಿ, ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ಮೈಸೂರಿನವನಿಗೆ ನಂಜುಂಡನ ಹೆಸರು ಕಂಡರೆ ಕಿವಿ ನೆಟ್ಟಗಾಗುವುದು ಸಹಜ, ಇರಲಿ. ಇದಕ್ಕೆ ಕೋಬಾಲ್ಟ್ ಬೇಡವೆಂಬುದೂ ನನಗೆ ಸಣ್ಣ ಮಾತಾಗಿ ಕಾಣಲಿಲ್ಲ. ಜಗತ್ತಿನ ಕೋಬಾಲ್ಟಿನ ಬಹುಪಾಲು ಬರುವುದು ಕಾಂಗೋ ದೇಶದ ಗಣಿಗಳಿಂದ. ಅಲ್ಲಿ ಮಕ್ಕಳೂ ಅದಿರು ಹೆಕ್ಕುವುದನ್ನು ಆಮ್ನೆಸ್ಟಿ ಸಂಸ್ಥೆ ೨೦೧೬ರಲ್ಲಿ ಬಯಲಿಗೆಳೆದಿತ್ತು. ಅಷ್ಟೇ ಶಕ್ತಿಗೆ ಈ ಪ್ಯಾಕಿನ ತೂಕ ಹೆಚ್ಚು, ಗಾತ್ರವೂ ಹೆಚ್ಚು. ಆದರೆ ಬೇಕಾದಷ್ಟನ್ನೇ ಕೊಂಡವನಿಗೆ ಆ ತೂಕ ಹೊರೆಯಾಗದು. ಹಗಲು ಹೊತ್ತಿನಲ್ಲಿ, ನಾವು ಎಚ್ಚರವಿರುವಾಗ, ಮೇಲಿನ ಬಯಲು ಬಾಲ್ಕನಿಯ ನೆರಳಿನಲ್ಲಿ ಅದನ್ನು ಚಾರ್ಜು ಮಾಡುತ್ತೇನೆ. ಯಜಮಾನರಿಗೆ ಮೊದಲೇ ತಿಳಿಸಿದಾಗ ಅವರು, “ಸ್ಕೂಟರಿನೋರು ಯಾರೂ ನನ್ನ ಕೇಳ್ಲಿಲ್ಲ, ನೀವ್ಯಾಕೆ ಮೇಷ್ಟ್ರೇ ಕೇಳ್ತೀರಿ?” ಎಂದರು.

ಇಲ್ಲಿಗೆ ಮುಗಿಸಿದ್ದರೆ ನನ್ನ ವಿವೇಕಕ್ಕೆ ನಾನೇ ತಲೆದೂಗಿಕೊಳ್ಳಬಹುದಿತ್ತು. ಆದರೆ ಅದೇ ಅಂಗಡಿಯಲ್ಲಿ ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗನೊಬ್ಬ ಸಿಕ್ಕಿದ. ಈಗ ಇಂಥದೇ ಸೈಕಲ್ಲಿನಲ್ಲಿ ಊಟದ ಪೊಟ್ಟಣಗಳನ್ನು ಮನೆಮನೆಗೆ ತಲುಪಿಸುತ್ತಾನೆ. ದಿನಕ್ಕೆ ಎಂಬತ್ತು ಕಿಲೋಮೀಟರು. ಅವನಿಗೆ ದೊಡ್ಡ ಬ್ಯಾಟರಿ ಪರಿಗ್ರಹವಲ್ಲ, ಅನ್ನ. ಅದು ಖಾಲಿಯಾದರೆ ಸೈಕಲ್ಲು ಸೈಕಲ್ಲಾಗುತ್ತದೆ ಎಂಬ ನನ್ನ ಹಾಸ್ಯ ಅವನ ಮುಂದೆ ನಡೆಯದು. ಆ ಸಂಜೆಯ ಸಂಪಾದನೆ ಹೋಗುತ್ತದೆ. ಹಳೆಯ ಲ್ಯಾಪ್‌ಟಾಪುಗಳಿಂದ ಬಿಚ್ಚಿದ ಕೋಶಗಳನ್ನು ಆರಿಸಿ ಜೋಡಿಸಿಕೊಡುವವರಿಂದ ಅರ್ಧ ಬೆಲೆಗೆ ಅವನು ಪ್ಯಾಕು ಮಾಡಿಸಿಕೊಂಡಿದ್ದ. ಚೀಟಿಯೂ ಇಲ್ಲ, ಗುರುತೂ ಇಲ್ಲ. ನನ್ನ ಬೋಧನೆಯನ್ನೆಲ್ಲ ಅವನು ವಿನಯದಿಂದ ಕೇಳಿದ. “ಗೊತ್ತು ಸಾರ್. ಒಳ್ಳೇದು ತಗೊಳ್ಳೋಕೆ ಇನ್ನೊಂದು ಆರು ತಿಂಗಳು ಬೇಕು,” ಎಂದ.

ನೆರೆಯವರನ್ನು ನೆನೆಯಲು ಕೂಡ ಕೈಯಲ್ಲಿ ಸ್ವಲ್ಪ ಹಣ ಬೇಕಾಗುತ್ತದೆಂಬುದು ಯಾವ ನೀತಿಗ್ರಂಥಕ್ಕೂ ಭೂಷಣವಲ್ಲ. ಬಿಸಿ ಊಟ ಅರ್ಧ ಗಂಟೆಯಲ್ಲಿ ಬರಲಿ, ಸಾಗಣೆಗೆ ಹತ್ತು ರೂಪಾಯಿ ಹೆಚ್ಚಾಗದಿರಲಿ ಎಂದು ಬಯಸುವ ನಮ್ಮೆಲ್ಲರ ಪಾಲೂ ಆ ಅರ್ಧ ಬೆಲೆಯ ಪೆಟ್ಟಿಗೆಯಲ್ಲಿದೆ. ಅವನನ್ನು ಗದರಿಸಿ ಕಳುಹಿಸುವುದು ಸುಲಭವಾಗಿತ್ತು, ಬಾಯಿ ಬರಲಿಲ್ಲ. ಎಲ್ಲಿ ಚಾರ್ಜು ಮಾಡುತ್ತೀಯಪ್ಪ ಎಂದಷ್ಟೇ ಕೇಳಿದೆ. ನಾಲ್ವರು ಹುಡುಗರು ಸೇರಿ ಹಿಡಿದ ಒಂದು ಕೋಣೆಯಂತೆ. ರಾತ್ರಿ ಹನ್ನೊಂದಕ್ಕೆ ಬಂದು, ಬಾಗಿಲ ಪಕ್ಕದಲ್ಲಿ ಸಿಕ್ಕಿಸಿ ಮಲಗುತ್ತಾನಂತೆ. ಕೋಣೆಯಲ್ಲಿ ಪ್ಲಗ್ಗು ಇರುವುದು ಅಲ್ಲೊಂದೇ ಕಡೆ.