ಬಿಚ್ಚಿ ನೋಡಲಾಗದ್ದು ನಮ್ಮದಾದೀತೇ?

ದುಡ್ಡು ಕೊಟ್ಟು ಕೊಂಡವರೇ ಒಡೆಯರು ಎನ್ನುವುದು ಕಾನೂನಿನ ಮಾತು. ಕೊಂಡದ್ದು ಕೆಟ್ಟು ನಿಂತಾಗ ಅದಕ್ಕೇನಾಗಿದೆ ಎಂದು ತಿಳಿಯಲು ನಮಗಾಗಲಿ ನಮ್ಮೂರಿನ ಯಾರಿಗಾಗಲಿ ದಾರಿಯೇ ಇಲ್ಲದಿದ್ದರೆ, ಆ ಒಡೆತನದಲ್ಲಿ ಉಳಿಯುವುದೇನು? ವಿದ್ಯುತ್ ಕಾರುಗಳು ಈ ಪ್ರಶ್ನೆಯನ್ನು ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಬಾಗಿಲಿಗೂ ತಂದಿವೆ.

ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರು ನಮ್ಮ ಕಡೆ ಇನ್ನೂ ಇದ್ದಾರೆ. ಹಿಂದೆ ದಾರಿಯಲ್ಲಿ ಗಾಲಿ ಮುರಿದರೆ ಮುಂದಿನ ಊರಿನ ಬಡಿಗೇರರೋ ಕಂಬಾರರೋ ಸರಿಮಾಡುತ್ತಿದ್ದರು. ಊರಿನ ರೈತರು ಅವರಿಗೆ ಸುಗ್ಗಿಯಲ್ಲಿ ಆಯದ ಕಾಳು ಅಳೆಯುತ್ತಿದ್ದರು. ಆ ಪದ್ಧತಿಯನ್ನು ನಾನು ಹೊಗಳಲಾರೆ. ಕಸುಬನ್ನು ಅದು ಹುಟ್ಟಿಗೆ ಕಟ್ಟಿಹಾಕಿತ್ತು. ಆದರೆ ಗಾಡಿ ಓಡುವ ಕಡೆಯೇ ಅದನ್ನು ರಿಪೇರಿ ಮಾಡುವ ತಿಳಿವಳಿಕೆಯೂ ಇತ್ತು. ಈಗ ಗಾಡಿ ಮಾತ್ರ ಊರಿಗೆ ಬಂದಿದೆ.

ವಿದ್ಯುತ್ ಕಾರಿನಲ್ಲಿ ಎರಡು ಬಗೆಯ ಬ್ಯಾಟರಿಗಳಿರುತ್ತವೆ. ಚಕ್ರ ತಿರುಗಿಸುವ ದೊಡ್ಡದು ಹೆಚ್ಚಿನ ಕಾರುಗಳಲ್ಲಿ 300ರಿಂದ 400 ವೋಲ್ಟಿನದು. ದೀಪ, ಬಾಗಿಲಿನ ಲಾಕು, ಒಳಗಿನ ಕಂಪ್ಯೂಟರುಗಳನ್ನು ನಡೆಸುವುದು 12 ವೋಲ್ಟಿನ ಸಣ್ಣದು. ಇದು ಸೋತರೆ ದೊಡ್ಡ ಬ್ಯಾಟರಿಯ ಸ್ವಿಚ್ಚು ಮುಚ್ಚಿಕೊಳ್ಳುವುದಿಲ್ಲ. ತುಂಬಿದ ಚಾರ್ಜ್ ಇದ್ದೂ ಕಾರು ಕದಲುವುದಿಲ್ಲ. ಕೆಲವು ಸಾವಿರ ರೂಪಾಯಿಯ ಕೆಲಸ ಅದು, ಗೊತ್ತಿದ್ದವರಿಗೆ.

ರಾಮದುರ್ಗದ ನನ್ನ ಸೋದರಮಾವನ ಕಾರು ಮನೆಯಲ್ಲಿ ಚಾರ್ಜ್ ಆಗದೆ ಹೋದಾಗ ಗ್ಯಾರೇಜಿನ ಮಿಸ್ತ್ರಿ, “ಇದರಾಗ ನಮ್ಮ ಕೈ ಆಡೂದಿಲ್ರಿ ಕಾಕಾ” ಎಂದರು. ಕಾರು ಲಾರಿ ಏರಿ ಸುಮಾರು 100 ಕಿ.ಮೀ. ದೂರದ ಬೆಳಗಾವಿಗೆ ಹೋಗಿಬಂತು. ದೋಷ ಇದ್ದದ್ದು ಮನೆಯ ಅರ್ಥಿಂಗಿನಲ್ಲಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರು ಸುರಕ್ಷತೆಗಾಗಿ ಕರೆಂಟು ಬಿಡುವುದಿಲ್ಲ. ಓಣಿಯ ವೈರಿಂಗ್ ಕೆಲಸದವರೇ ಗುಂಡಿ ತೋಡಿ, ಪೈಪು ಹುಗಿದು, ಇದ್ದಿಲು ಉಪ್ಪು ತುಂಬಿ ಸರಿಮಾಡಿದರು. ಕೈಗೆ ಕೆಲಸ ಗೊತ್ತಿತ್ತು. ಕಾರು ಏನು ಹೇಳುತ್ತಿದೆ ಎಂಬುದು ಮಾತ್ರ ಯಾರಿಗೂ ಓದಲು ಬರಲಿಲ್ಲ. ಸಾಗಣೆಗೇ ರಿಪೇರಿಗಿಂತ ಹೆಚ್ಚು ಖರ್ಚಾಯಿತು.

ದೊಡ್ಡ ಬ್ಯಾಟರಿ ಕೆಟ್ಟರೆ ಲೆಕ್ಕ ಲಕ್ಷಗಳದು. ಅದಕ್ಕೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇರುತ್ತದೆ. ಕೆಲವು ಕಂಪನಿಗಳ ‘ಜೀವಮಾನದ ವಾರಂಟಿ’ಯಂತೂ ಮೊದಲ ಮಾಲೀಕರಿಗಷ್ಟೇ. ನಮ್ಮ ಊರುಗಳಿಗೆ ಎಷ್ಟೋ ಕಾರುಗಳು ಎರಡನೆಯ, ಮೂರನೆಯ ಕೈಗೆ ಬರುತ್ತವೆ. ಹೊಗೆಯಿಲ್ಲದ ಕಾರಿನ ಒಳ್ಳೆಯ ವರ್ಷಗಳು ನಗರದವರಿಗೆ, ರಿಪೇರಿಯ ವರ್ಷಗಳು ತಾಲೂಕಿನವರಿಗೆ ಎಂದಾದರೆ ಅದು ಬರೀ ಮಾರುಕಟ್ಟೆಯ ಮಾತಲ್ಲ, ನ್ಯಾಯದ ಮಾತು.

ಇದಕ್ಕೆ ಎದುರಾಗಿ ಒಂದು ತೂಕದ ವಾದವಿದೆ. 400 ವೋಲ್ಟಿನ ಡಿಸಿ ಕರೆಂಟು ಜೀವ ತೆಗೆಯಬಲ್ಲದು. ಅರೆತಿಳಿವಳಿಕೆಯವರು ಕೈ ಹಾಕಬಾರದು. ನಿಜ. ಆದರೆ ಇದೇ ಊರುಗಳಲ್ಲಿ ಹೆಸ್ಕಾಂನ ಲೈನ್‌ಮನ್‌ಗಳು 11,000 ವೋಲ್ಟಿನ ತಂತಿಗಳ ನಡುವೆ ಕೆಲಸ ಮಾಡುತ್ತಾರೆ. ಅಪಾಯವಿದೆಯೆಂದು ನಾವು ಆ ವಿದ್ಯೆಯನ್ನು ಬಚ್ಚಿಡಲಿಲ್ಲ. ಲೈನು ಬಂದ್ ಮಾಡುವುದನ್ನು, ಕೈಗವಸು ತೊಡುವುದನ್ನು ಕಲಿಸಿದೆವು. ಅಪಾಯ ಇರುವ ಕಡೆ ಕಲಿಸುವ ಹೊಣೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

2001ರಲ್ಲಿ ಬೆಂಗಳೂರಿನಿಂದ ‘ರೇವಾ’ ಕಾರು ರಸ್ತೆಗಿಳಿಯಿತು. 2017ರಲ್ಲಿ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. 2022ರಲ್ಲಿ ಕೇಂದ್ರ ಸರ್ಕಾರ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿತು. ಆದರೆ ಹಕ್ಕು ಪೋರ್ಟಲಿನಲ್ಲಿದ್ದರೆ ಸಾಲದು. ದೋಷದ ಕೋಡ್ ಓದುವ ಉಪಕರಣ, ಬಿಡಿಭಾಗ, ತರಬೇತಿ ಇವು ಬೈಲಹೊಂಗಲದ ಗ್ಯಾರೇಜಿಗೂ ನ್ಯಾಯವಾದ ಬೆಲೆಗೆ ಸಿಗಬೇಕು.

ಎಲ್ಲರೂ ಎಲ್ಲವನ್ನೂ ಬಿಚ್ಚಿ ನೋಡಬೇಕೆಂದು ನಾನು ಹೇಳುತ್ತಿಲ್ಲ. ನನ್ನ ಕಾರಿಗೆ ಏನಾಗಿದೆ ಎಂದು ನಾನು ನಂಬುವ ಒಬ್ಬರಿಂದ, ನನ್ನ ಊರಿನಲ್ಲೇ, ನನ್ನ ಮಾತಿನಲ್ಲೇ ತಿಳಿಯುವಂತಿರಬೇಕು. ಅಷ್ಟೂ ಇಲ್ಲದಿದ್ದರೆ ನಾವು ಕೊಂಡದ್ದು ಕಾರನ್ನಲ್ಲ, ಅದನ್ನು ಓಡಿಸುವ ಅನುಮತಿಯನ್ನು.